ಸೆಕೆಂಡಿಗೆ ಹತ್ತು ಅಕ್ಷರ: ಕಮಾಂಡ್ ಲೈನಿನಿಂದ ವೆಬ್‌ವರೆಗೆ

ವೆಬ್ ಪ್ರೋಗ್ರಾಮಿಂಗ್ ಕಲಿಸುವ ಯಾವ ಪಾಠವನ್ನೇ ತೆರೆದರೂ ಮೊದಲ ಪುಟದಲ್ಲೇ ‘ಟರ್ಮಿನಲ್ ತೆರೆದು ಈ ಕಮಾಂಡ್ ಕೊಡಿ’ ಎಂಬ ಸೂಚನೆ ಇರುತ್ತದೆ. ತೆರೆದರೆ ಕಾಣುವುದು ಒಂದು ಕಪ್ಪು ಪರದೆ, ಅದರ ಎಡತುದಿಯಲ್ಲಿ $ ಚಿಹ್ನೆ, ಪಕ್ಕದಲ್ಲಿ ಮಿಟುಕುವ ಒಂದು ಗೆರೆ. ಒತ್ತಲು ಗುಂಡಿಗಳಿಲ್ಲ, ಆರಿಸಿಕೊಳ್ಳಲು ಪಟ್ಟಿಯಿಲ್ಲ. ಟರ್ಮಿನಲ್, ಶೆಲ್, ಪ್ರಾಂಪ್ಟ್, ಪಾತ್, ಪೈಪ್, ಪೋರ್ಟ್, ರಿಕ್ವೆಸ್ಟ್ ಎಂಬ ಪದಗಳು ಒಂದರ ಹಿಂದೊಂದು ಬಂದು ಬೀಳುತ್ತವೆ. ಅರ್ಥ ಬರೆದುಕೊಂಡು ಉರು ಹೊಡೆದವರಿಗೂ ಮರುದಿನ ಅವು ನೆನಪಿರುವುದಿಲ್ಲ. ಈ ಪದಗಳು ಯಾವ ಯಂತ್ರದ ಪಕ್ಕದಲ್ಲಿ ಹುಟ್ಟಿದವು ಎಂಬುದನ್ನು ಮೊದಲು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ ಎಂಬುದು ನನ್ನ ಅನುಭವ.

ಆ ಯಂತ್ರದ ಹೆಸರು ಟೆಲಿಟೈಪ್. ನೋಡಲು ದಪ್ಪನೆಯ ಬೆರಳಚ್ಚು ಯಂತ್ರದಂತಿದ್ದ ಅದಕ್ಕೆ ಪರದೆಯೇ ಇರಲಿಲ್ಲ. ಕೀಲಿಮಣೆಯಲ್ಲಿ ಒತ್ತಿದ್ದು ತಂತಿಯ ಮೂಲಕ ಕಂಪ್ಯೂಟರಿಗೆ ಹೋಗುತ್ತಿತ್ತು. ಕಂಪ್ಯೂಟರಿನ ಉತ್ತರ ಸುರುಳಿ ಕಾಗದದ ಮೇಲೆ ಟಕಟಕನೆ ಅಚ್ಚಾಗುತ್ತಿತ್ತು. 1963ರಲ್ಲಿ ಬಂದ ಮಾಡೆಲ್ 33 ಎಂಬ ಟೆಲಿಟೈಪಿನ ವೇಗ ಸೆಕೆಂಡಿಗೆ ಹತ್ತು ಅಕ್ಷರ. 1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟತೊಡಗಿದಾಗ ಅವರ ಮುಂದಿದ್ದದ್ದು ಇಂಥ ಯಂತ್ರವೇ. ಇಂದಿನ ಲಿನಕ್ಸ್ ಮತ್ತು ಮ್ಯಾಕ್ ಕಂಪ್ಯೂಟರುಗಳಲ್ಲಿ ನಾವು ಬಳಸುವ ಕಮಾಂಡುಗಳ ಚಹರೆ ರೂಪುಗೊಂಡದ್ದು ಅಲ್ಲಿ.

ಗಟ್ಟಿಯಾದ ಕೀಲಿಗಳನ್ನು ಬೆರಳು ನೋಯುವಂತೆ ಒತ್ತಬೇಕು, ಒತ್ತಿದ್ದು ನಿಧಾನವಾಗಿ ಅಚ್ಚಾಗಬೇಕು ಎಂದಾಗ ಯಾರೂ ಉದ್ದುದ್ದ ಹೆಸರಿಡುವುದಿಲ್ಲ. ಹಾಗಾಗಿ ಕಡತಗಳ ಪಟ್ಟಿ ಕೊಡುವ ‘ಲಿಸ್ಟ್’ ಎಂಬುದು ‘ಎಲ್‌ಎಸ್’ ಆಯಿತು, ನಕಲು ಮಾಡುವ ‘ಕಾಪಿ’ ಎಂಬುದು ‘ಸಿಪಿ’, ಜಾಗ ಬದಲಿಸುವ ‘ಮೂವ್’ ಎಂಬುದು ‘ಎಂವಿ’, ಅಳಿಸುವ ‘ರಿಮೂವ್’ ಎಂಬುದು ‘ಆರ್‌ಎಂ’ ಆಯಿತು. (ಇಲ್ಲಿ ಕಮಾಂಡುಗಳನ್ನು ಉಚ್ಚಾರಣೆಯಂತೆ ಬರೆದಿದ್ದೇನೆ, ಯಂತ್ರಕ್ಕೆ ಕೊಡುವಾಗ ಇಂಗ್ಲಿಷಿನ ಚಿಕ್ಕಕ್ಷರಗಳಲ್ಲೇ ಒತ್ತಬೇಕು.) ಕಡತವೊಂದನ್ನು ನಕಲು ಮಾಡಿ ಎಂಟರ್ ಒತ್ತಿದರೆ ‘ಆಯಿತು’ ಎಂಬ ಉತ್ತರವೂ ಬಾರದೆ ಮತ್ತೆ $ ಚಿಹ್ನೆ ಮಾತ್ರ ಕಾಣುವುದನ್ನು ಕಂಡು ಹೊಸಬರು ಕೆಲಸ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಯುನಿಕ್ಸ್ ಲೋಕದಲ್ಲಿ ಮೌನವೇ ಸಮ್ಮತಿ. ತಪ್ಪಾದಾಗ ಮಾತ್ರ ಅದು ಬಾಯಿ ತೆರೆಯುತ್ತದೆ. ಪಾಸ್‌ವರ್ಡ್ ಕೇಳಿದಾಗ ನಾವು ಒತ್ತಿದ್ದಕ್ಕೆ ಚುಕ್ಕೆಗಳೂ ಮೂಡದಿರುವುದನ್ನು ನೋಡಿ ಕೀಲಿಮಣೆ ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ. ಕಾಗದದ ಮೇಲೆ ಒಮ್ಮೆ ಅಚ್ಚಾದ ಗುಟ್ಟು ಅಲ್ಲೇ ಉಳಿದು ದಾರಿಹೋಕರ ಕಣ್ಣಿಗೆ ಬೀಳುತ್ತದೆ ಎಂಬ ಭಯವಿದ್ದ ಕಾಲವನ್ನು ನೆನೆದರೆ ಆ ಮೌನಕ್ಕೂ ಕಾರಣ ಸಿಗುತ್ತದೆ.

ಈ ಮೌನಕ್ಕೆ ಬೆಲೆಯೂ ಉಂಟು. ‘ಆರ್‌ಎಂ’ ಅಳಿಸಿದ ಕಡತ ಕಸದ ಬುಟ್ಟಿಗೆ ಹೋಗುವುದಿಲ್ಲ, ‘ಖಚಿತವೇ?’ ಎಂಬ ಪ್ರಶ್ನೆಯೂ ಸಾಮಾನ್ಯವಾಗಿ ಬರುವುದಿಲ್ಲ. ನಕ್ಷತ್ರ ಚಿಹ್ನೆಗೆ ‘ಎಲ್ಲವೂ’ ಎಂದು ಅರ್ಥವಿರುವುದರಿಂದ, ನಕ್ಷತ್ರಕ್ಕೆ ಅಂಟಿಕೊಂಡು ಬರಬೇಕಾದ ಕಡತದ ಬಗೆಯ (ಉದಾಹರಣೆಗೆ .txt) ಮುಂದೆ ಕೈತಪ್ಪಿ ಒಂದು ಸ್ಪೇಸ್ ಬಿದ್ದರೆ ಆ ಫೋಲ್ಡರಿನ ಕಡತಗಳೆಲ್ಲವೂ ಮಾಯ. ಒಂದು ಖಾಲಿ ಜಾಗ ನನ್ನ ಒಂದು ತಿಂಗಳ ಟಿಪ್ಪಣಿಗಳನ್ನು ನುಂಗಿದ ಮೇಲೆ ನಾನು ಮೊದಲು ‘ಎಲ್‌ಎಸ್’ ಕೊಟ್ಟು ಪಟ್ಟಿ ನೋಡಿ, ಆಮೇಲಷ್ಟೇ ಅಳಿಸುತ್ತೇನೆ.

ಟರ್ಮಿನಲ್, ಶೆಲ್, ಪ್ರಾಂಪ್ಟ್ ಎಂಬ ಮೂರನ್ನು ಅನುಭವಿಗಳೂ ಮಾತಿನ ಓಘದಲ್ಲಿ ಬೆರೆಸಿಬಿಡುತ್ತಾರೆ. ಟರ್ಮಿನಲ್ ಎಂದರೆ ತಂತಿಯ ತುದಿಯಲ್ಲಿ ಕೂತಿದ್ದ ಆ ಯಂತ್ರ. ಇಂದಿನ ಕಪ್ಪು ಕಿಟಕಿ ಅದರ ವೇಷ ಹಾಕಿಕೊಂಡ ತಂತ್ರಾಂಶ. ‘ಟಿಟಿವೈ’ ಎಂಬ ಕಮಾಂಡ್ ಕೊಟ್ಟು ನೋಡಿದರೆ ಟೆಲಿಟೈಪಿನ ಹೆಸರು ಇನ್ನೂ ಒಳಗೆ ಜೀವಂತವಾಗಿರುವುದು ತಿಳಿಯುತ್ತದೆ. ಅದರೊಳಗೆ ಕೂತು ನಾವು ಒತ್ತಿದ ಸಾಲನ್ನು ಓದಿ, ಅರ್ಥಮಾಡಿಕೊಂಡು, ತಕ್ಕ ಪ್ರೋಗ್ರಾಮನ್ನು ಓಡಿಸುವುದು ಶೆಲ್. ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನು ಕರ್ನೆಲ್ ಎನ್ನುತ್ತಾರೆ; ತಿರುಳನ್ನು ಸುತ್ತಿಕೊಂಡ ಕರಟ ಶೆಲ್. ಈ ಹೆಸರನ್ನು 1960ರ ದಶಕದಲ್ಲಿ ಬಳಕೆಗೆ ತಂದವರು ಫ್ರಾನ್ಸಿನ ಲೂಯಿ ಪೂಜಾನ್. ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ ಇಂದು ಸಿಗುವ ಬ್ಯಾಷ್ ಎಂಬ ಶೆಲ್ 1989ರದ್ದು. ಇನ್ನು ಪ್ರಾಂಪ್ಟ್ ಎಂದರೆ ‘ಹೇಳಿ, ಕೇಳುತ್ತಿದ್ದೇನೆ’ ಎಂದು ಶೆಲ್ ಸೂಚಿಸುವ ಆ $ ಚಿಹ್ನೆ, ಅಷ್ಟೇ. ಪಾಠದಲ್ಲಿ ಮುದ್ರಿಸಿದ ಸಾಲನ್ನು ಚಿಹ್ನೆಸಮೇತ ನಕಲು ಮಾಡಿ ಅಂಟಿಸಿದರೆ ದೋಷ ಬರುವುದು ಈ ವ್ಯತ್ಯಾಸ ತಿಳಿಯದ್ದರಿಂದ.

ಕಡತಗಳು ಇರುವ ಜಾಗವನ್ನು ಹೇಳುವುದು ಪಾತ್. ಕರ್ನಾಟಕದಲ್ಲಿ ಆನ್‌ಲೈನಿನಲ್ಲಿ ಪಹಣಿ ತೆಗೆದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ: ಮೊದಲು ಜಿಲ್ಲೆ, ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮ, ಕೊನೆಗೆ ಸರ್ವೆ ನಂಬರ್. ಹಾಗೆಯೇ ಓರೆಗೆರೆಗಳ ನಡುವೆ ಒಂದೊಂದು ಫೋಲ್ಡರಿನ ಹೆಸರು ಬರೆಯುತ್ತಾ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವುದು ಪಾತ್‌ನ ಕ್ರಮ. ಎಲ್ಲಕ್ಕೂ ಮೊದಲಿನ ಒಂಟಿ / ಚಿಹ್ನೆಯೇ ರೂಟ್, ಅಂದರೆ ಬೇರು. ಒಂದು ಚುಕ್ಕೆ ಎಂದರೆ ‘ನಾನೀಗ ಇರುವ ಜಾಗ’, ಎರಡು ಚುಕ್ಕೆ ಎಂದರೆ ‘ಒಂದು ಮೆಟ್ಟಿಲು ಮೇಲೆ’. ನಮ್ಮ ಸ್ವಂತ ಫೋಲ್ಡರಿಗೆ ~ ಎಂಬ ವಿಚಿತ್ರ ಚಿಹ್ನೆ ಏಕೆ ಎಂದು ನಾನು ಬಹಳ ದಿನ ತಲೆ ಕೆರೆದುಕೊಂಡಿದ್ದೆ. 1976ರಲ್ಲಿ ಬಂದ ಎಡಿಎಂ-3ಎ ಎಂಬ ಅಗ್ಗದ ಟರ್ಮಿನಲ್ಲಿನಲ್ಲಿ ‘ಹೋಮ್’ ಎಂಬ ಹೆಸರೂ ಈ ಚಿಹ್ನೆಯೂ ಒಂದೇ ಕೀಲಿಯ ಮೇಲಿದ್ದವು. ಆ ಕೀಲಿಮಣೆ ಮ್ಯೂಸಿಯಂ ಸೇರಿದೆ, ಚಿಹ್ನೆ ಮಾತ್ರ ನಮ್ಮೊಂದಿಗಿದೆ.

ಕಮಾಂಡುಗಳ ನಿಜವಾದ ಶಕ್ತಿ ಕಾಣುವುದು ಅವುಗಳನ್ನು ಜೋಡಿಸಿದಾಗ. ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್‌ರಾಯ್ ತೋಟದ ನೀರಿನ ಕೊಳವೆಗಳನ್ನು ಒಂದಕ್ಕೊಂದು ಸಿಕ್ಕಿಸುವಂತೆ ಪ್ರೋಗ್ರಾಮುಗಳನ್ನೂ ಜೋಡಿಸುವಂತಿರಬೇಕು ಎಂದು 1964ರಲ್ಲೇ ಒಂದು ಟಿಪ್ಪಣಿ ಬರೆದಿದ್ದರು; ಥಾಂಪ್ಸನ್ ಅದನ್ನು ಯುನಿಕ್ಸ್‌ನಲ್ಲಿ ಮಾಡಿ ತೋರಿಸಿದ್ದು 1973ರಲ್ಲಿ. ಅದೇ ಪೈಪ್, ನಿಂತ ಗೆರೆಯ ಚಿಹ್ನೆ. ಎಡಗಡೆಯ ಪ್ರೋಗ್ರಾಮಿನಿಂದ ಹೊರಬಿದ್ದ ಪಠ್ಯ ಬಲಗಡೆಯದರ ಬಾಯಿಗೆ ಹರಿಯುತ್ತದೆ.

ಒಂದು ಪ್ರಯೋಗ ಮಾಡೋಣ. ‘ಎಕೋ’ ಎಂಬ ಕಮಾಂಡ್ ನಾವು ಕೊಟ್ಟ ಪದವನ್ನು ಹಾಗೆಯೇ ಮರಳಿಸುತ್ತದೆ. ‘ಡಬ್ಲ್ಯುಸಿ’ ಎಂಬುದು ಎಣಿಕೆಗಾರ. ಅದರ ಮುಂದೆ ‘-ಸಿ’ ಎಂಬ ಆಪ್ಶನ್ ಇಟ್ಟರೆ ಬೈಟುಗಳನ್ನು, ಅಂದರೆ ಕಂಪ್ಯೂಟರ್ ಪಠ್ಯವನ್ನು ಕೂಡಿಡುವ ಪುಟ್ಟ ಘಟಕಗಳನ್ನು, ಎಣಿಸುತ್ತದೆ. ಈಗ ‘ಎಕೋ ಕನ್ನಡ | ಡಬ್ಲ್ಯುಸಿ -ಸಿ’ ಎಂದು ಕೊಡಿ. ಇಲ್ಲಿ ‘ಕನ್ನಡ’ ಎಂಬುದನ್ನು ಮಾತ್ರ ಕನ್ನಡ ಲಿಪಿಯಲ್ಲೇ ಬರೆಯಬೇಕು. ಉತ್ತರ 16. ಕಣ್ಣಿಗೆ ಮೂರೇ ಅಕ್ಷರ ಕಾಣುವಾಗ ಹದಿನಾರು ಎಲ್ಲಿಂದ ಬಂತು? ಕಂಪ್ಯೂಟರಿನ ಮಟ್ಟಿಗೆ ಆ ಪದದಲ್ಲಿರುವುದು ಕ, ನ, ಒತ್ತಕ್ಷರ ಮಾಡಿಸುವ ಹಲಂತ ಚಿಹ್ನೆ, ಮತ್ತೊಂದು ನ, ಡ ಎಂಬ ಐದು ಸಂಕೇತಗಳು. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು. ಐದು ಮೂರಲ ಹದಿನೈದು. ಸಾಲು ಮುಗಿಯಿತೆಂದು ‘ಎಕೋ’ ಸೇರಿಸಿದ ಕಾಣದ ಚಿಹ್ನೆ ಒಂದು. 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಉಪಾಹಾರ ಗೃಹದಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಈ ಪದ್ಧತಿಯನ್ನು ಗೀಚಿದವರು ಅದೇ ಕೆನ್ ಥಾಂಪ್ಸನ್ ಮತ್ತು ಅವರ ಸಹೋದ್ಯೋಗಿ ರಾಬ್ ಪೈಕ್. ಇಂದು ಕನ್ನಡದ ಜಾಲತಾಣಗಳು ಸಾಗಾಣಿಕೆಗೆ ನೆಚ್ಚಿರುವುದು ಇದನ್ನೇ. ಹದಿನಾರರ ಈ ಲೆಕ್ಕ ಮುಂದೆ ಬೇಕಾಗುತ್ತದೆ, ನೆನಪಿರಲಿ.

ಇನ್ನು ವೆಬ್. ಬಣ್ಣ, ಚಿತ್ರ, ವಿಡಿಯೊಗಳ ಹೊದಿಕೆ ತೆಗೆದರೆ ಇದೂ ಸಾಲುಗಳ ಮಾತುಕತೆಯೇ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಪ್ರಸ್ತಾಪಿಸಿ, ಮುಂದಿನ ವರ್ಷ ಕಟ್ಟಿದ ವ್ಯವಸ್ಥೆಯಲ್ಲಿ ಕೇಳುವವನದು ಒಂದೇ ಸಾಲು: ‘ಗೆಟ್’ ಎಂಬ ಕ್ರಿಯಾಪದ, ಪಕ್ಕದಲ್ಲಿ ಬೇಕಾದ ಪುಟದ ಪಾತ್. ಕೇಳುವವನು ಕ್ಲೈಂಟ್, ಕೊಡುವವನು ಸರ್ವರ್, ಕೇಳಿಕೆ ರಿಕ್ವೆಸ್ಟ್, ಉತ್ತರ ರೆಸ್ಪಾನ್ಸ್, ಮಾತಿನ ಕಟ್ಟಳೆ ಎಚ್‌ಟಿಟಿಪಿ. ಈ ಸಂಭಾಷಣೆಯನ್ನು ಕದ್ದು ಕೇಳಲು ‘ಕರ್ಲ್’ ಎಂಬ ಕಮಾಂಡ್ ಇದೆ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಿಂದ ಅದನ್ನು ಈ ಹೆಸರಿನಲ್ಲಿ ಬೆಳೆಸುತ್ತಾ ಬಂದಿದ್ದಾರೆ. ‘ಕರ್ಲ್ -ವಿ’ ಎಂದು ಬರೆದು, ಉದಾಹರಣೆಗಳಿಗೆಂದೇ ಮೀಸಲಿಟ್ಟ ‘ಎಗ್ಸಾಂಪಲ್ ಡಾಟ್ ಕಾಮ್’ ವಿಳಾಸವನ್ನು ಕೊಟ್ಟರೆ, ನಮ್ಮ ಕಡೆಯಿಂದ ಹೋದ ಸಾಲುಗಳು > ಚಿಹ್ನೆಯೊಂದಿಗೂ ಅಲ್ಲಿಂದ ಬಂದ ಶೀರ್ಷಸಾಲುಗಳು (ಪುಟಕ್ಕೆ ಮೊದಲು ಬರುವ ವಿವರದ ಸಾಲುಗಳು) < ಚಿಹ್ನೆಯೊಂದಿಗೂ ಪರದೆಯ ಮೇಲೆ ಬಿಚ್ಚಿಕೊಳ್ಳುತ್ತವೆ.

ಹೋದ ಸಾಲುಗಳಲ್ಲಿ ‘ಹೋಸ್ಟ್’ ಎಂಬುದೊಂದನ್ನು ಗಮನಿಸಬೇಕು. ತಾಣದ ಹೆಸರು ಹೇಳಿಯೇ ಅಲ್ಲಿಗೆ ಹೋಗಿರುವಾಗ ಮತ್ತೆ ಅದೇ ಹೆಸರನ್ನು ಹೇಳುವುದೇಕೆ? ಹೆಸರನ್ನು ಡಿಎನ್‌ಎಸ್ ಎಂಬ ವ್ಯವಸ್ಥೆ ಅಂಕಿಗಳ ವಿಳಾಸವಾಗಿ ಬದಲಿಸಿಕೊಟ್ಟಿರುತ್ತದೆ. ಆದರೆ ಒಂದೇ ವಿಳಾಸದಲ್ಲಿ ನೂರಾರು ತಾಣಗಳು ಬಿಡಾರ ಹೂಡಿರಬಹುದು. ವಠಾರದ ಬಾಗಿಲಿಗೆ ಬಂದವರು ಯಾರ ಮನೆಗೆ ಎಂದು ಇನ್ನೊಮ್ಮೆ ಹೇಳಲೇಬೇಕಲ್ಲವೇ? ಬಂದ ಉತ್ತರದ ಮೊದಲ ಸಾಲಿನಲ್ಲಿ 200 ಎಂದಿದ್ದರೆ ಎಲ್ಲ ಸರಿ ಎಂದರ್ಥ. 3ರಿಂದ ಆರಂಭವಾದರೆ ‘ಬೇರೆ ಕಡೆ ನೋಡಿ’, 4ರಿಂದಾದರೆ ತಪ್ಪು ಕೇಳಿದವರದು, 5ರಿಂದಾದರೆ ಸರ್ವರಿನದು. 404 ಎಂಬುದು ಸರ್ನ್‌ನ ಯಾವುದೋ ಕೋಣೆಯ ಸಂಖ್ಯೆ ಎಂಬ ಕಥೆ ಬಹಳ ಓಡಾಡುತ್ತದೆ, ಅದು ಕಟ್ಟುಕಥೆ. ಶೀರ್ಷಸಾಲುಗಳ ನಂತರ ಒಂದು ಖಾಲಿ ಸಾಲು, ಅದರ ಕೆಳಗೆ ಪುಟದ ಎಚ್‌ಟಿಎಂಎಲ್. ಇದು ಪುಟದ ಅಸ್ಥಿಪಂಜರ. ಉಡುಗೆ ತೊಡಿಸುವುದು ಸಿಎಸ್‌ಎಸ್, ಓಡಾಡಿಸುವುದು 1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಮೊದಲ ರೂಪ ಕೊಟ್ಟ ಜಾವಾಸ್ಕ್ರಿಪ್ಟ್.

ಟೆಲಿಟೈಪಿನ ನೆರಳು ಇಲ್ಲೂ ಇದೆ. ಅಚ್ಚಿನ ಗಾಡಿಯನ್ನು ಎಡಕ್ಕೆ ತರುವುದು ಕ್ಯಾರಿಯೇಜ್ ರಿಟರ್ನ್, ಕಾಗದವನ್ನು ಒಂದು ಸಾಲು ಮೇಲೆ ಸರಿಸುವುದು ಲೈನ್ ಫೀಡ್. ಎರಡೂ ಬೇರೆ ಬೇರೆ ಅಪ್ಪಣೆಗಳಾಗಿದ್ದವು. ಎಚ್‌ಟಿಟಿಪಿಯ 1.1 ಆವೃತ್ತಿಯಲ್ಲಿ ಇಂದಿಗೂ ಪ್ರತಿ ಶೀರ್ಷಸಾಲು ಈ ಜೋಡಿಯಿಂದಲೇ ಮುಗಿಯಬೇಕು. 2015ರಿಂದೀಚೆಗಿನ ಆವೃತ್ತಿಗಳು ವೇಗಕ್ಕಾಗಿ ಸಾಲುಗಳನ್ನು ಬಿಟ್ಟು ಬೈನರಿ ರೂಪಕ್ಕೆ ಹೊರಳಿವೆ, ಆದರೂ ಗೆಟ್, 200, 404 ಎಂಬ ಮಾತುಗಳು ಬದಲಾಗಿಲ್ಲ.

ಕೊನೆಯದಾಗಿ, ಸರ್ವರ್ ಎಂದರೆ ದೂರದ ಶೀತಲ ಕೋಣೆಯ ಯಂತ್ರವೇ ಆಗಬೇಕಿಲ್ಲ. ಕೇಳಿದವರಿಗೆ ಉತ್ತರಿಸುವ ಪ್ರೋಗ್ರಾಮ್ ಯಾವ ಯಂತ್ರದಲ್ಲಿದ್ದರೂ ಅದು ಸರ್ವರೇ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇರುವ ಕಂಪ್ಯೂಟರಿನಲ್ಲಿ ಹೊಸ ಫೋಲ್ಡರೊಂದನ್ನು ಮಾಡಿ, ಎರಡು ಸಾಲಿನ ಎಚ್‌ಟಿಎಂಎಲ್ ಕಡತವೊಂದನ್ನು ಬರೆದು, ಅದಕ್ಕೆ ಕನ್ನಡ ಲಿಪಿಯಲ್ಲೇ ‘ಕನ್ನಡ’ ಎಂದು ಹೆಸರಿಟ್ಟು, ಹೆಸರಿನ ಕೊನೆಗೆ ಇಂಗ್ಲಿಷಿನಲ್ಲಿ ‘.html’ ಎಂದು ಸೇರಿಸಿ, ಆ ಫೋಲ್ಡರಿನೊಳಗೆ ನಿಂತು ‘ಪೈಥಾನ್3 -ಎಂ ಎಚ್‌ಟಿಟಿಪಿ.ಸರ್ವರ್’ ಎಂಬ ಒಂದು ಸಾಲು ಕೊಟ್ಟರೆ ಸಾಕು. ಸರ್ವರ್ 8000ನೆಯ ಪೋರ್ಟಿನಲ್ಲಿ ಕಾದು ಕೂರುತ್ತದೆ. ಅಂಕಿ ವಿಳಾಸ ಕಟ್ಟಡವಾದರೆ ಪೋರ್ಟ್ ಅದರೊಳಗಿನ ಕೌಂಟರ್ ಸಂಖ್ಯೆ. ವೆಬ್‌ನ ವಾಡಿಕೆಯ ಕೌಂಟರುಗಳು 80 ಮತ್ತು 443. 127.0.0.1 ಎಂಬುದು ಪ್ರತಿ ಕಂಪ್ಯೂಟರ್ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ, ಲೋಕಲ್‌ಹೋಸ್ಟ್. ಒಂದು ಎಚ್ಚರಿಕೆ: ಅದೇ ವೈಫೈನಲ್ಲಿರುವ ಇತರರೂ ಸಾಮಾನ್ಯವಾಗಿ ಈ ಕೌಂಟರಿಗೆ ಬರಬಹುದಾದ್ದರಿಂದ ಖಾಸಗಿ ಕಡತಗಳಿರುವ ಫೋಲ್ಡರಿನಲ್ಲಿ ಇದನ್ನು ಓಡಿಸಬಾರದು. ಮುಗಿದ ಮೇಲೆ ಕಂಟ್ರೋಲ್ ಕೀಲಿಯೊಂದಿಗೆ ಸಿ ಒತ್ತಿ ನಿಲ್ಲಿಸಬೇಕು.

ಬ್ರೌಸರಿನಲ್ಲಿ ಆ ವಿಳಾಸವನ್ನೂ ಪೋರ್ಟನ್ನೂ ಕೊಟ್ಟು, ಒಂದು ಕಣ್ಣನ್ನು ಕಪ್ಪು ಪರದೆಯ ಮೇಲಿಡಿ. ನೀವು ಕೇಳಿದ್ದಕ್ಕೆಲ್ಲ ಅಲ್ಲೊಂದು ಸಾಲು ಬೀಳುತ್ತದೆ: ಗೆಟ್, ಪಾತ್, ಕೊನೆಗೆ 200. ಅದರ ಹಿಂದೆಯೇ ನೀವು ಕೇಳದ ಒಂದು ಸಾಲು 404 ಹೊತ್ತು ಬರಬಹುದು. ಅದು ಟ್ಯಾಬಿನ ಮೂಲೆಯಲ್ಲಿ ತೋರಿಸುವ ಪುಟ್ಟ ಚಿತ್ರಕ್ಕಾಗಿ ಬ್ರೌಸರ್ ತಾನಾಗಿಯೇ ಮಾಡಿದ ವಿಚಾರಣೆ. 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಲಿಸಿದ ಚಾಳಿ. ಈಗ ಪಟ್ಟಿಯಲ್ಲಿರುವ ‘ಕನ್ನಡ’ ಕಡತವನ್ನು ಒತ್ತಿ. ಬ್ರೌಸರಿನಲ್ಲಿ ಪುಟ ಮೂಡುತ್ತದೆ, ಕಪ್ಪು ಪರದೆಯಲ್ಲಿ ಮಾತ್ರ ಕನ್ನಡದ ಸುಳಿವಿಲ್ಲ. ಬದಲಿಗೆ ಶೇಕಡಾ ಚಿಹ್ನೆ, ಇ-ಸೊನ್ನೆ, ಶೇಕಡಾ ಚಿಹ್ನೆ, ಬಿ-2, ಶೇಕಡಾ ಚಿಹ್ನೆ, 95 ಎಂದು ಶುರುವಾಗುವ ಉದ್ದನೆಯ ಬಾಲ. ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಂಡ ಕನ್ನಡ ವಿಕಿಪೀಡಿಯದ ಕೊಂಡಿಗಳು ಉದ್ದುದ್ದ ಗೊಂದಲವಾಗಿ ಕಾಣುವುದು ಇದರಿಂದಲೇ: ವಿಳಾಸದಲ್ಲಿ ಇಂಗ್ಲಿಷ್ ಅಕ್ಷರಗಳಿಗೂ ಅಂಕಿಗಳಿಗೂ ಕೆಲವೇ ಚಿಹ್ನೆಗಳಿಗೂ ಮಾತ್ರ ಪ್ರವೇಶವಿರುವುದರಿಂದ ಉಳಿದ ಪ್ರತಿ ಬೈಟನ್ನೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕೆಗಳಲ್ಲಿ (0ರಿಂದ 9, ಜೊತೆಗೆ ಎ-ಯಿಂದ ಎಫ್) ಬರೆಯಲಾಗುತ್ತದೆ. ಆ ಸಾಲಿನ ಶೇಕಡಾ ಚಿಹ್ನೆಗಳನ್ನು ಎಣಿಸಿದರೆ ಹದಿನೈದು ಸಿಗುತ್ತವೆ. ‘ಡಬ್ಲ್ಯುಸಿ’ ಹೇಳಿದ ಹದಿನಾರರಲ್ಲಿ ಸಾಲಿನ ಕೊನೆಯ ಕಾಣದ ಚಿಹ್ನೆಯೊಂದು ಮಾತ್ರ ಇಲ್ಲಿಗೆ ಬಂದಿಲ್ಲ.