ಒಂದು ಗೆರೆ ಕಂಡರೆ ಎಚ್‌ಐವಿ ಖಚಿತವಲ್ಲ

ನಾಲ್ಕು ತಿಂಗಳ ಗರ್ಭಿಣಿಯೊಬ್ಬರು ಒಂದು ರಿಪೋರ್ಟ್ ಹಿಡಿದುಕೊಂಡು ನಮ್ಮ ಲ್ಯಾಬಿಗೆ ಬಂದಿದ್ದರು. ಅದರಲ್ಲಿ ಎಚ್‌ಐವಿ ಎಂದು ಬರೆದಿದ್ದ ಕಡೆ ಒಂದೇ ಪದ, ‘ರಿಯಾಕ್ಟಿವ್’, ಅಂದರೆ ಪರೀಕ್ಷೆಯ ಕಿಟ್‌ನಲ್ಲಿ ಗೆರೆ ಮೂಡಿದೆ ಎಂದು. ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಗಂಡ ಹೊರಗೆ ಬೆಂಚಿನ ಮೇಲೆ ಕೂತಿದ್ದರು, ಇಬ್ಬರ ನಡುವೆ ಮಾತಿರಲಿಲ್ಲ. ಅಷ್ಟಕ್ಕೂ ಆಗಿದ್ದು ಒಂದೇ ಕಿಟ್‌ನಲ್ಲಿ ಒಂದು ಸಲದ ಪರೀಕ್ಷೆ.

ಈ ಕಿಟ್ ವೈರಸ್ಸನ್ನು ಹುಡುಕುವುದಿಲ್ಲ. ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ಕಿಟ್‌ನಲ್ಲಿ ವೈರಸ್ಸಿನ ಪ್ರೋಟೀನ್ ಅಂಟಿಸಿರುತ್ತಾರೆ. ರಕ್ತದ ಪ್ರತಿಕಾಯ ಅದಕ್ಕೆ ಹೋಗಿ ಹಿಡಿದುಕೊಂಡರೆ ಗೆರೆ ಮೂಡುತ್ತದೆ. ಆದರೆ ಬೇರೆ ಯಾವುದೋ ಕಾರಣಕ್ಕೆ ಹುಟ್ಟಿದ ಪ್ರತಿಕಾಯವೂ ಒಮ್ಮೊಮ್ಮೆ ಹಾಗೆ ಅಂಟಿಕೊಳ್ಳುತ್ತದೆ.

ಒಂದು ಲೆಕ್ಕ ಹಾಕೋಣ. ನಮ್ಮ ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರು ಸುಮಾರು ಶೇ 0.2. ಅಂದರೆ 10,000 ಜನರಲ್ಲಿ 20 ಮಂದಿ. ಕಿಟ್ ಆ 20 ಜನರನ್ನೂ ಹಿಡಿಯಿತು ಅಂದುಕೊಳ್ಳಿ. ಸೋಂಕಿಲ್ಲದ 9,980 ಜನರಲ್ಲಿ ಶೇ 99.5ರಷ್ಟು ಮಂದಿಗೆ ‘ಇಲ್ಲ’ ಎಂದು ಸರಿಯಾಗಿಯೇ ಹೇಳಿತು. ಆದರೂ ಉಳಿದ ಸುಮಾರು 50 ಜನರಿಗೆ ಸುಮ್ನೆ ಗೆರೆ ಬಂದಿರುತ್ತದೆ. ರಿಯಾಕ್ಟಿವ್ ಬಂದ 70 ಜನರಲ್ಲಿ 50 ಮಂದಿಗೆ ಸೋಂಕೇ ಇಲ್ಲ! ಇದೇ ಕಿಟ್ಟನ್ನು ನೂರಕ್ಕೆ ಹತ್ತು ಜನರಿಗೆ ಸೋಂಕಿರುವ ಕಡೆ 10,000 ಜನರಿಗೆ ಬಳಸಿದರೆ 1,000 ನಿಜವಾದ ಗೆರೆ, ಸುಮಾರು 45 ಸುಳ್ಳು ಗೆರೆ. ಕಿಟ್ ಬದಲಾಗಿಲ್ಲ, ಪರೀಕ್ಷೆಗೆ ಬಂದ ಜನ ಬದಲಾದರು. ಕಿಟ್ ಡಬ್ಬದ ಮೇಲಿನ ಶೇಕಡಾ ಅಂಕಿ ನೋಡಿ ತೀರ್ಮಾನ ಮಾಡಬಾರದು ಅನ್ನುವುದು ಇದಕ್ಕೇ.

ಹಾಗಾಗಿ ನಮ್ಮಲ್ಲಿ ಖಚಿತಪಡಿಸಲು ಮೂರು ಕಿಟ್ ಬಳಸುತ್ತೇವೆ. ಮೂರೂ ಬೇರೆ ಬೇರೆ ಪ್ರೋಟೀನಿನವು ಅಥವಾ ಬೇರೆ ವಿಧಾನದವು ಆಗಿರಬೇಕು. ಈ ನಿಯಮದಲ್ಲಿ ನಾನು ಬಿಗಿ. ಒಂದೇ ಬಗೆಯ ಕಿಟ್ಟನ್ನು ಮೂರು ಸಲ ಮಾಡಿದರೆ ಅದೇ ತಪ್ಪು ಮೂರು ಸಲ ಬರಬಹುದು, ಅಲ್ವಾ? ಮೊದಲ ಕಿಟ್ ಒಂದರಲ್ಲೇ ಗೆರೆ ಬಂದರೆ ಅದು ನೆಗೆಟಿವ್. ಎರಡರಲ್ಲಿ ಬಂದು ಒಂದರಲ್ಲಿ ಬಾರದೆ ಗೊಂದಲವಾದರೆ 14ರಿಂದ 28 ದಿನ ಬಿಟ್ಟು ಹೊಸದಾಗಿ ರಕ್ತ ತೆಗೆದು ನೋಡುತ್ತೇವೆ. ನಿಜವಾಗಿ ಸೋಂಕು ಶುರುವಾಗಿದ್ದರೆ ಅಷ್ಟರಲ್ಲಿ ಪ್ರತಿಕಾಯ ಜಾಸ್ತಿಯಾಗಿರುತ್ತದೆ.

ಆ ಗರ್ಭಿಣಿಗೆ ಮೊದಲ ಕಿಟ್‌ನಲ್ಲಿ ಮತ್ತೆ ಗೆರೆ ಬಂತು. ಉಳಿದೆರಡರಲ್ಲಿ ಬರಲಿಲ್ಲ. ನೆಗೆಟಿವ್ ಎಂದು ರಿಪೋರ್ಟ್ ಕೊಟ್ಟೆವು.

‘ವೆಸ್ಟರ್ನ್ ಬ್ಲಾಟ್ ಮಾಡಿಸಿಬಿಡಿ ಡಾಕ್ಟ್ರೇ, ಅದೇ ಕೊನೆಯ ಮಾತಂತೆ’ ಎಂದು ಈಗಲೂ ಕೇಳುವವರಿದ್ದಾರೆ. ಅದೂ ಪ್ರತಿಕಾಯ ಹುಡುಕುವ ಪರೀಕ್ಷೆಯೇ, ಅದರಲ್ಲಿ ವೈರಸ್ಸಿನ ಒಂದೊಂದು ಪ್ರೋಟೀನಿಗೂ ಒಂದೊಂದು ಪಟ್ಟಿ. ಸೋಂಕಿಲ್ಲದವರಲ್ಲೂ ಪಿ24 ಎಂಬ ಪ್ರೋಟೀನಿನ ಪಟ್ಟಿಯೊಂದೇ ಕಾಣಿಸಿಕೊಳ್ಳುವುದುಂಟು. ಆಗ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಇದನ್ನು ಬಿಡಿ ಎಂದು ಸಲಹೆ ಕೊಟ್ಟಿತು.

ಪ್ರತಿಕಾಯ ಪರೀಕ್ಷೆ ಕೈಕೊಡುವ ಇನ್ನೊಂದು ಜಾಗವಿದೆ. ಸೋಂಕಿರುವ ತಾಯಿಯ ಪ್ರತಿಕಾಯ ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದು. ಅಲ್ಲಿಯವರೆಗೆ ಈ ಕಿಟ್‌ನ ಗೆರೆ ಮಗುವಿನದೋ ತಾಯಿಯದೋ ಹೇಳಲಾಗದು. ಅಂಥ ಮಗುವಿಗೆ ವೈರಸ್ಸನ್ನೇ ಹುಡುಕುವ ಪಿಸಿಆರ್ ಬೇಕು.

ನಿಮ್ಮ ಕೈಗೆ ಒಂದೇ ಕಿಟ್‌ನ ರಿಯಾಕ್ಟಿವ್ ರಿಪೋರ್ಟ್ ಬಂದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಹೋಗಿ. ಪರೀಕ್ಷೆ ಉಚಿತ. ಆಪ್ತ ಸಮಾಲೋಚಕರು ಇರುತ್ತಾರೆ, ವಿಷಯ ಗುಟ್ಟಾಗಿಡುತ್ತಾರೆ. ಫೋನಿನಲ್ಲಿ ಕೇಳುವುದಾದರೆ 1097. ಆ ಕಾಗದವನ್ನು ಅಲ್ಲಿಯವರೆಗೆ ಯಾರಿಗೂ ತೋರಿಸಬೇಕಾಗಿಲ್ಲ.