ಬ್ರಾಂಡೆಡ್ ಟೈಟಲ್: ಹೆಸರಲ್ಲ, ಬರೆ

ಟೆಕ್ಸಸ್‌ಗೆ ಓದಲು ಬಂದಿರುವ ನಮ್ಮೂರಿನ ಹುಡುಗನೊಬ್ಬ ಹಳೆಯ ಕಾರಿನ ಜಾಹೀರಾತು ತೋರಿಸಿ, “ಬ್ರಾಂಡೆಡ್ ಟೈಟಲ್ ಅಂತಿದೆ, ದಾಖಲೆ ಪಕ್ಕಾ ಅಲ್ವಾ ಅಣ್ಣ?” ಎಂದು ಕೇಳಿದ. ಈ ತಪ್ಪರ್ಥ ಇಷ್ಟು ಸಲ ಕಿವಿಗೆ ಬಿದ್ದ ಮೇಲೆ ಪದವನ್ನು ಬಿಡಿಸಿ ಹೇಳದೆ ವಿಧಿಯಿಲ್ಲ.

ಬ್ರಾಂಡೆಡ್ ಅಂಗಿ, ಬ್ರಾಂಡೆಡ್ ಶೂ ಎನ್ನುವ ರೂಢಿಯಿಂದ ಆ ಪದ ನಮಗೆ ಉತ್ತಮ ಗುಣಮಟ್ಟವನ್ನೇ ಸೂಚಿಸುತ್ತದೆ. ಹಳೆಯ ಇಂಗ್ಲಿಷಿನಲ್ಲಾದರೋ ‘ಬ್ರಾಂಡ್’ ಎಂದರೆ ಬೆಂಕಿ, ಉರಿಯುವ ಕೊಳ್ಳಿ. ಮುಂದೆ ಕಾದ ಕಬ್ಬಿಣದಿಂದ ದನದ ಚರ್ಮದ ಮೇಲೆ ಒತ್ತುವ ಗುರುತಿಗೂ, ಅಪರಾಧಿಯ ಮೈಮೇಲೆ ಸುಡುತ್ತಿದ್ದ ಕಳಂಕದ ಗುರುತಿಗೂ ಅದೇ ಹೆಸರಾಯಿತು. ವ್ಯಾಪಾರದ ಹೆಸರೆಂಬ ಅರ್ಥ ಬಂದದ್ದು ಬಹಳ ತಡವಾಗಿ. ಕಾರಿನ ದಾಖಲೆಯಲ್ಲಿ ಉಳಿದಿರುವುದು ಆ ಕಳಂಕದ ಅರ್ಥವೇ ಆದ್ದರಿಂದ ಕನ್ನಡದಲ್ಲಿ ಅದಕ್ಕೆ ಸರಿಹೊಂದುವ ಮಾತು ‘ಬರೆ’. ಟೈಟಲ್ ಎಂದರೆ ಅಮೆರಿಕದ ಆಯಾ ರಾಜ್ಯ ಕೊಡುವ ಒಡೆತನದ ಪತ್ರ. ನಮ್ಮ ಪಹಣಿಯಲ್ಲಿ ಷರಾ ಬರೆಯುವಂತೆ ಅದರ ಮೇಲೂ ಕಾರಿನ ಹಾನಿಯ ಷರಾ ಬೀಳುತ್ತದೆ; ಆ ಷರಾವೇ ಇಲ್ಲಿನ ಬ್ರಾಂಡ್. ‘ಸಾಲ್ವೇಜ್’ ಎಂದರೆ ಅಪಘಾತದಂಥ ಹಾನಿಯಿಂದಾಗಿ ದುರಸ್ತಿಯೇ ದುಬಾರಿಯೆಂದು ಕೈಬಿಟ್ಟ ಕಾರು, ‘ಫ್ಲಡ್’ ಎಂದರೆ ನೆರೆಯಲ್ಲಿ ಮುಳುಗಿದ್ದು. ‘ರೀಬಿಲ್ಟ್’ ಎಂಬುದನ್ನು ಹೊಸದರಂತಾಗಿದೆ ಎಂದು ಓದಿಕೊಳ್ಳುವವರಿದ್ದಾರೆ. ಹಿಂದೆ ಸಾಲ್ವೇಜ್ ಆಗಿದ್ದ ಕಾರನ್ನು ದುರಸ್ತಿ ಮಾಡಿ ಮತ್ತೆ ರಸ್ತೆಗೆ ಇಳಿಸಲಾಗಿದೆ ಎಂಬುದಷ್ಟೇ ಅದರ ಅರ್ಥ, ಹಾಗಾಗಿ ಅದೂ ಬರೆಯೇ.

‘ಕ್ಲಿಯರ್ ಟೈಟಲ್’ ಎಂಬ ಮಾತಿಗೆ ಮರುಳಾಗುವವರೂ ಕಡಿಮೆಯಿಲ್ಲ. ಕ್ಲಿಯರ್ ಎಂದರೆ ಸಾಮಾನ್ಯವಾಗಿ ಕಾರಿನ ಮೇಲೆ ಸಾಲದ ಬಾಕಿಯಿಲ್ಲ ಎಂದು, ಕ್ಲೀನ್ ಎಂದರೆ ಬರೆಯಿಲ್ಲ ಎಂದು. ನೆರೆಯಲ್ಲಿ ಮುಳುಗೆದ್ದ ಕಾರಿನ ಸಾಲ ತೀರಿದ್ದರೆ ಅದರ ಟೈಟಲ್ಲೂ ಕ್ಲಿಯರ್ ಎನಿಸಿಕೊಳ್ಳುತ್ತದೆ.

ಸಾಲ್ವೇಜ್ ಬರೆ ಹಾಕುವ ಅಳತೆಗೋಲು ರಾಜ್ಯದಿಂದ ರಾಜ್ಯಕ್ಕೆ ಬೇರೆ: ಫ್ಲಾರಿಡಾದಲ್ಲಿ ದುರಸ್ತಿ ವೆಚ್ಚ ಕಾರಿನ ಬೆಲೆಯ ಶೇ. 80 ಮುಟ್ಟಿದರೆ ಸಾಕು, ಟೆಕ್ಸಸ್‌ನಲ್ಲಿ ಇಡೀ ಬೆಲೆಯನ್ನೇ ಮೀರಬೇಕು. ಈ ವ್ಯತ್ಯಾಸದ ಲಾಭ ಪಡೆದು ಕಾರನ್ನು ಇನ್ನೊಂದು ರಾಜ್ಯದಲ್ಲಿ ನೋಂದಾಯಿಸಿ ಷರಾ ಇಲ್ಲದ ಹೊಸ ಪತ್ರ ಪಡೆಯುವ ವಂಚನೆಗೆ ‘ಟೈಟಲ್ ವಾಷಿಂಗ್’ ಎನ್ನುತ್ತಾರೆ. ಇಂಥ ವಂಚನೆಯನ್ನೂ ತಡೆಯಲೆಂದು 1992ರ ಕಾರುಗಳ್ಳತನ ತಡೆ ಕಾಯ್ದೆಯ ಅಡಿಯಲ್ಲಿ ‘ಎನ್‌ಎಂವಿಟಿಐಎಸ್’ ಎಂಬ ರಾಷ್ಟ್ರೀಯ ದಾಖಲೆ ವ್ಯವಸ್ಥೆ ಹುಟ್ಟಿತು. ಮಾರುವವನ ಕೈಯಲ್ಲಿರುವ ಕಾಗದದಲ್ಲಿ ಷರಾದ ಜಾಗ ಖಾಲಿಯಿದ್ದರೂ, ಪ್ರತಿ ಕಾರಿಗೂ ಇರುವ ಗುರುತಿನ ಸಂಖ್ಯೆಯಾದ, ಅಕ್ಷರ-ಅಂಕಿ ಸೇರಿ 17 ಇರುವ ‘ವಿನ್’ ಅನ್ನು ಅಲ್ಲಿ ಹಾಕಿ ನೋಡಿದರೆ ಹಳೆಯ ರಾಜ್ಯದ ಬರೆ ಕಾಣಿಸಬಹುದು. ಆ ವರದಿ ಕೈಸೇರುವವರೆಗೆ ಮುಂಗಡ ಕೊಡಬೇಡ ಎಂದು ಹುಡುಗನಿಗೆ ಹೇಳಿದ್ದೇನೆ.