ಎಲ್ಲರೂ ಸಾಯುವ ನಾಟಕದಲ್ಲಿ ಭರವಸೆ ಎಲ್ಲಿದೆ?

ಪ್ರಶ್ನೆ: ನಾನು ಹೈಸ್ಕೂಲ್ ಮೇಷ್ಟ್ರು. ಮಕ್ಕಳಿಗೆ ಗ್ರೀಕ್ ಪುರಾಣದ ಕಥೆ ಹೇಳಿ, ಒಂದು ನಾಟಕವನ್ನೂ ಮಾಡಿಸೋಣ ಅಂತ ಆಸೆ. ಆದರೆ ಓದುತ್ತಾ ಹೋದ ಹಾಗೆ ಗಾಬರಿಯಾಯಿತು. ದೇವರುಗಳೇ ಮೋಸ ಮಾಡುತ್ತಾರೆ, ಒಳ್ಳೆಯವರು ಸಾಯುತ್ತಾರೆ, ಹೆತ್ತ ತಾಯಿಯೇ ಮಕ್ಕಳನ್ನು ಕೊಲ್ಲುತ್ತಾಳೆ. ಇದರಿಂದ ನೀತಿ ಕಲಿಸುವುದು ಹೇಗೆ? ಭರವಸೆ ಅನ್ನೋದು ಇದರಲ್ಲಿ ಎಲ್ಲಿದೆ?

ಉತ್ತರ: ನಿಮ್ಮ ಗಾಬರಿ ನನಗೆ ಅರ್ಥವಾಗುತ್ತದೆ. ಪಂಚತಂತ್ರ ಕೇಳಿ ಬೆಳೆದವರು ನಾವು. ಕಥೆ ಮುಗಿದ ಕೂಡಲೇ ಒಂದು ಸಾಲಿನ ನೀತಿ ಕೈಗೆ ಸಿಗಬೇಕು. ಗ್ರೀಕ್ ನಾಟಕದ ಕೊನೆಯಲ್ಲಿ ಮೇಳದವರು ಎರಡು ಬುದ್ಧಿಮಾತು ಹೇಳುವುದೂ ಉಂಟು, ಆದರೆ ಅದನ್ನು ಕೇಳಿ ಯಾರಿಗೂ ಸಮಾಧಾನ ಆಗುವುದಿಲ್ಲ. ಅಲ್ಲಿ ಸಿಗುವುದು ಬೇರೆ. ಏನು ಮಾಡಬೇಕೆಂದು ತೋಚದೆ ನಿಂತಿರುವ ಒಬ್ಬ ಮನುಷ್ಯ, ಅವನ ಪಕ್ಕದಲ್ಲಿ ನಿಲ್ಲಲೇಬೇಕಾದ ನಾವು. ನೀತಿಯ ಪಾಠ ನಡೆಯುವುದು ಆ ಜಾಗದಲ್ಲಿ.

ಹತ್ತು ನಾಟಕಗಳ ಹೆಸರು ಹೇಳುವ ಬದಲು ಒಂದನ್ನೇ ಹಿಡಿದು ಹೇಳುತ್ತೇನೆ. ಸೊಫೊಕ್ಲೀಸ್ ಬರೆದ ‘ಫಿಲಾಕ್ಟಿಟೀಸ್’. ಕ್ರಿ.ಪೂ. 409ರಲ್ಲಿ ಅಥೆನ್ಸಿನಲ್ಲಿ ಆಡಿದ ನಾಟಕ. ಆಗ ಅವನಿಗೆ ಎಂಬತ್ತೈದು ದಾಟಿತ್ತು. ಆ ವರ್ಷ ಮೊದಲ ಬಹುಮಾನ ಅವನಿಗೇ ಬಂತು. ಇದರಲ್ಲಿ ಯಾರೂ ಸಾಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಕಥೆ ಇಷ್ಟು. ಟ್ರಾಯ್ ಯುದ್ಧಕ್ಕೆ ಹೊರಟ ಗ್ರೀಕ್ ಸೈನ್ಯದಲ್ಲಿ ಫಿಲಾಕ್ಟಿಟೀಸ್ ಅಂತ ಒಬ್ಬ. ಮಹಾವೀರ ಹೆರಾಕ್ಲೀಸನ ಗುರಿ ತಪ್ಪದ ಬಿಲ್ಲು ಅವನ ಹತ್ತಿರ ಇದೆ. ದಾರಿಯಲ್ಲಿ ಕಾಲಿಗೆ ಹಾವು ಕಚ್ಚುತ್ತದೆ. ಗಾಯ ಕೊಳೆತು ನಾರುತ್ತದೆ. ನೋವಿಗೆ ಅವನು ಕಿರುಚುತ್ತಾನೆ. ದೇವರ ಪೂಜೆಗೂ ತೊಂದರೆ, ಊಟಕ್ಕೂ ತೊಂದರೆ ಅಂತ ಜೊತೆಯವರೇ ಅವನು ಮಲಗಿದ್ದಾಗ ಲೆಮ್ನಾಸ್ ದ್ವೀಪದಲ್ಲಿ ಬಿಟ್ಟು ಹೋಗುತ್ತಾರೆ. ಹತ್ತನೇ ವರ್ಷದಲ್ಲಿ ಭವಿಷ್ಯವಾಣಿ ಬರುತ್ತದೆ: ಆ ಬಿಲ್ಲು, ಅದರ ಯಜಮಾನ ಬರದೆ ಟ್ರಾಯ್ ಬೀಳುವುದಿಲ್ಲ. ಈಗ ಅವನು ಬೇಕು! ಬಿಟ್ಟು ಹೋದವರಲ್ಲಿ ಒಬ್ಬನಾದ ಒಡಿಸ್ಯೂಸ್ ಕರೆಯಲು ಬರುತ್ತಾನೆ. ತಾನು ಕಾಣಿಸಿಕೊಂಡರೆ ಬಾಣ ಎದೆಗೇ ಬರುತ್ತದೆ ಅಂತ ಅವನಿಗೆ ಗೊತ್ತು. ಅದಕ್ಕೆ ಅಕಿಲೀಸನ ಮಗ ನಿಯಾಪ್ಟಾಲೆಮಸ್ ಅನ್ನೋ ಹುಡುಗನನ್ನು ಮುಂದೆ ಬಿಡುತ್ತಾನೆ.

ಹುಡುಗ ಗುಹೆಯೊಳಗೆ ಇಣುಕುತ್ತಾನೆ. ಒತ್ತಿದ ಎಲೆಗಳ ಹಾಸಿಗೆ, ಮರದಲ್ಲಿ ಹೇಗೋ ಕೆತ್ತಿಕೊಂಡ ಒಂದು ಬಟ್ಟಲು, ಬೆಂಕಿ ಹೊತ್ತಿಸುವ ಸಾಮಾನು, ಒಣಗಲು ಹಾಕಿದ ಕೀವಿನ ಬಟ್ಟೆ. ಹತ್ತು ವರ್ಷದ ಸಂಸಾರ ಅಷ್ಟೇ. ಸೊಫೊಕ್ಲೀಸ್ ಇನ್ನೂ ಮನುಷ್ಯನನ್ನು ತೋರಿಸಿಲ್ಲ, ನಮಗೆ ಆಗಲೇ ಗಂಟಲು ಕಟ್ಟುತ್ತದೆ.

ಆಮೇಲೆ ಫಿಲಾಕ್ಟಿಟೀಸ್ ಬರುತ್ತಾನೆ. ಬಂದವರು ಗ್ರೀಕರ ಹಾಗೆ ಕಾಣುತ್ತಾರೆ. ಮಾತಾಡಿ, ದನಿ ಕೇಳಬೇಕು ಅನ್ನುತ್ತಾನೆ. ಹುಡುಗ ಬಾಯಿ ಬಿಡುತ್ತಾನೆ. ‘ಎಷ್ಟು ಪ್ರೀತಿಯ ಮಾತು!’ ಅಂತ ಆ ಮನುಷ್ಯ ಕರಗಿಹೋಗುತ್ತಾನೆ. ಪರದೇಶದ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಯಾರೋ ‘ಊಟ ಆಯ್ತಾ?’ ಅಂದದ್ದು ಕಿವಿಗೆ ಬಿದ್ದವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಿಲ್ಲ.

ಹುಡುಗನಿಗೆ ಒಡಿಸ್ಯೂಸ್ ಮೊದಲೇ ಹೇಳಿಕೊಟ್ಟಿರುತ್ತಾನೆ: ಇವತ್ತು ಒಂದು ದಿನ, ಅದರಲ್ಲೂ ಸ್ವಲ್ಪ ಹೊತ್ತು ನಾಚಿಕೆ ಬಿಟ್ಟುಬಿಡು, ಆಮೇಲೆ ಬದುಕಿಡೀ ಸಜ್ಜನ ಅನ್ನಿಸಿಕೊಂಡಿರು. ಈ ಮಾತು ಎಲ್ಲಿ ಕೇಳಿಲ್ಲ ಹೇಳಿ! ಹುಡುಗನಿಗೆ ಇಷ್ಟವಿಲ್ಲ. ಮೋಸದಿಂದ ಗೆಲ್ಲುವುದಕ್ಕಿಂತ ನೇರವಾಗಿ ಸೋಲುವುದೇ ಮೇಲು ಅನ್ನುತ್ತಾನೆ. ಆದರೂ ಒಪ್ಪುತ್ತಾನೆ. ಸುಳ್ಳು ಕಥೆ ಕಟ್ಟಿ, ನಿನ್ನನ್ನು ಊರಿಗೆ ಕರೆದುಕೊಂಡು ಹೋಗುತ್ತೇನೆ ಅಂತ ನಂಬಿಸುತ್ತಾನೆ. ಅಷ್ಟರಲ್ಲಿ ಫಿಲಾಕ್ಟಿಟೀಸನಿಗೆ ನೋವು ಏಳುತ್ತದೆ. ಎಚ್ಚರ ತಪ್ಪುವ ಮುಂಚೆ, ಇದನ್ನು ಕಾಪಾಡು ಅಂತ ಬಿಲ್ಲನ್ನು ಅದೇ ಹುಡುಗನ ಕೈಗೆ ಕೊಡುತ್ತಾನೆ.

ಬಿಲ್ಲು ಸಿಕ್ಕಿತು. ಯಜಮಾನ ನಿದ್ದೆಯಲ್ಲಿದ್ದಾನೆ. ಹೊರಟುಬಿಡೋಣ ಅಂತ ಮೇಳದವರು ಅವಸರ ಮಾಡುತ್ತಾರೆ. ಹುಡುಗ ಕದಲುವುದಿಲ್ಲ. ಫಿಲಾಕ್ಟಿಟೀಸ್ ಎದ್ದ ಮೇಲೆ ಹುಡುಗನ ಬಾಯಿಗೆ ಸತ್ಯ ಬರುತ್ತದೆ, ಜೊತೆಗೆ ಒಂದು ಒದ್ದಾಟ: ‘ಅಯ್ಯೋ, ನಾನೇನು ಮಾಡಲಿ?’ ಗ್ರೀಕಿನಲ್ಲಿ ಅದು ‘ತಿ ದ್ರಾಸೋ’. ಆ ‘ದ್ರಾಸೋ’ದ ಮೂಲ ‘ದ್ರಾನ್’, ಅಂದರೆ ಮಾಡುವುದು. ನಾವು ಡ್ರಾಮಾ ಅನ್ನುವ ಪದ ಹುಟ್ಟಿದ್ದು ಅದರಿಂದಲೇ.

ಮೇಷ್ಟ್ರೇ, ಪುಸ್ತಕ ಮುಚ್ಚಬೇಕಾದದ್ದು ಇಲ್ಲಿ.

ನಾನು ಒಂದು ಬೇಸಿಗೆ ಶಿಬಿರದಲ್ಲಿ ಹೀಗೇ ಮಾಡಿದೆ. ಅದಕ್ಕೂ ಮುಂಚೆ ಒಂದು ಸಲ ಪೂರ್ತಿ ಕಥೆ ಹೇಳಿ ಕೆಟ್ಟಿದ್ದೆ. ಕೊನೆ ಗೊತ್ತಾದ ಮೇಲೆ ಮಕ್ಕಳಿಗೆ ಯೋಚಿಸುವುದಕ್ಕೆ ಏನೂ ಉಳಿದಿರಲಿಲ್ಲ. ಈ ಸಲ ನಿಲ್ಲಿಸಿ, ನೀವಾದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. ಬಿಲ್ಲು ವಾಪಸ್ ಕೊಡ್ತೀವಿ ಸಾರ್ ಅಂತ ಒಕ್ಕೊರಲಿನ ಉತ್ತರ. ಮೇಷ್ಟ್ರಿಗೆ ಯಾವ ಉತ್ತರ ಬೇಕು ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ? ಸರಿ, ಹತ್ತು ವರ್ಷದಿಂದ ಯುದ್ಧ ನಡೀತಿದೆ, ಬಿಲ್ಲು ಹೋಗದಿದ್ದರೆ ನಿಮ್ಮ ಕಡೆಯವರು ಇನ್ನೂ ಸಾಯ್ತಾರೆ, ಈಗ ಹೇಳಿ ಅಂದೆ. ಸದ್ದಿಲ್ಲ. ಆಮೇಲೆ ಶುರುವಾಯಿತು ನೋಡಿ ಗಲಾಟೆ. ಒಬ್ಬ ಹುಡುಗ ಒಡಿಸ್ಯೂಸನ ಪರವಾಗಿ ವಕೀಲರ ಹಾಗೆ ವಾದಿಸಿದ. ಮೂಲೆಯಲ್ಲಿದ್ದ ಒಬ್ಬಳು ಮೆಲ್ಲಗೆ ಅಂದಳು, ‘ನಿಜ ಹೇಳಿ ಕರೆದಿದ್ರೆ ಬರ್ತಿದ್ನೇನೋ. ಯಾರೂ ಕೇಳೇ ಇಲ್ವಲ್ಲ ಸಾರ್.’

ಅವಳು ಹೇಳಿದ್ದನ್ನೇ ನಿಯಾಪ್ಟಾಲೆಮಸ್ ಕೂಡ ಶುರುವಿನಲ್ಲಿ ಕೇಳುತ್ತಾನೆ: ಮಾತಾಡಿ ಒಪ್ಪಿಸಬಾರದೇ? ಅವನು ಒಪ್ಪುವವನಲ್ಲ ಅಂತ ಒಡಿಸ್ಯೂಸ್ ತಳ್ಳಿಹಾಕುತ್ತಾನೆ. ಕಷ್ಟ ಏನೆಂದರೆ ಒಡಿಸ್ಯೂಸನ ಮಾತು ಸುಳ್ಳಲ್ಲ. ಕೊನೆಗೆ ಹುಡುಗ ಬಿಲ್ಲು ವಾಪಸ್ ಕೊಟ್ಟು, ಟ್ರಾಯ್‌ಗೆ ಬಾ, ಅಲ್ಲಿ ಗಾಯವೂ ವಾಸಿಯಾಗುತ್ತದೆ ಅಂತ ಕೈಮುಗಿದು ಕೇಳಿದರೂ ಫಿಲಾಕ್ಟಿಟೀಸ್ ಒಪ್ಪುವುದಿಲ್ಲ. ಒಳ್ಳೆಯ ಕೆಲಸ ಮಾಡಿದ ತಕ್ಷಣ ಎಲ್ಲಾ ಸರಿಹೋಗುತ್ತದೆ ಅಂತ ಸೊಫೊಕ್ಲೀಸ್ ಮಕ್ಕಳಿಗೆ ಸುಳ್ಳು ಹೇಳುವುದಿಲ್ಲ. ನನಗೆ ಇವನ ಮೇಲೆ ಗೌರವ ಜಾಸ್ತಿ ಆದದ್ದು ಇದಕ್ಕೇ.

ಇನ್ನು ಭರವಸೆ. ಈ ಮಾತು ಬಂದರೆ ಗ್ರೀಕ್ ಪುರಾಣದ ಮೊದಲ ಹೆಣ್ಣು ಪ್ಯಾಂಡೋರಾಳ ಪೆಟ್ಟಿಗೆ ನೆನಪಾಗುತ್ತದೆ. ಅಸಲಿಗೆ ಅದು ಪೆಟ್ಟಿಗೆಯಲ್ಲ. ಕ್ರಿ.ಪೂ. 700ರ ಸುಮಾರಿಗೆ ಗ್ರೀಕ್ ಕವಿ ಹೆಸಿಯಡ್ ಬರೆದದ್ದು ‘ಪಿಥಾಸ್’, ಅಂದರೆ ದವಸ ತುಂಬಿಡುವ ದೊಡ್ಡ ಮಣ್ಣಿನ ಗುಡಾಣ. 16ನೇ ಶತಮಾನದಲ್ಲಿ ಎರಾಸ್ಮಸ್ ಅನ್ನುವ ವಿದ್ವಾಂಸ ಲ್ಯಾಟಿನ್ನಿಗೆ ತಂದಾಗ ಅದು ಪೆಟ್ಟಿಗೆಯಾಯಿತು. ಮುಚ್ಚಳ ತೆಗೆದಾಗ ಕೆಡುಕೆಲ್ಲ ಹೊರಗೆ ಹಾರಿತು, ‘ಎಲ್ಪಿಸ್’ ಒಂದು ಒಳಗೇ ಉಳಿಯಿತು. ಎಲ್ಪಿಸ್ ಅಂದರೆ ಭರವಸೆ ಅನ್ನುತ್ತೇವೆ. ಬರೀ ನಿರೀಕ್ಷೆ ಅಂತಲೂ ಅರ್ಥ ಇದೆ. ಕೆಡುಕು ತುಂಬಿದ ಗುಡಾಣದಲ್ಲಿ ಅದಕ್ಕೇನು ಕೆಲಸ? ಒಳಗೇ ಉಳಿದಿದ್ದರೆ ಅದು ನಮಗೆ ಸಿಕ್ಕಿತೋ, ಸಿಗಲಿಲ್ಲವೋ? ವಿದ್ವಾಂಸರು ಈಗಲೂ ಕಿತ್ತಾಡುತ್ತಾರೆ. ಮನುಷ್ಯರಿಗಾಗಿ ದೇವರಿಂದ ಬೆಂಕಿ ಕದ್ದ ಪ್ರೊಮಿಥ್ಯೂಸನ ನಾಟಕದಲ್ಲಿ ಅವನು, ಸಾವನ್ನೇ ಎದುರು ನೋಡುತ್ತಾ ಕೂತಿದ್ದ ಮನುಷ್ಯರಿಗೆ ಕುರುಡು ಭರವಸೆಗಳನ್ನು ಕೊಟ್ಟೆ ಅನ್ನುತ್ತಾನೆ. ಕುರುಡು! ಗ್ರೀಕರಿಗೆ ಭರವಸೆಯ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ ಅಂತ ಕಾಣುತ್ತದೆ.

ಅದಕ್ಕೇ ನಾನು ಮಕ್ಕಳ ಮುಂದೆ ‘ಮುಂದೆ ಒಳ್ಳೇದಾಗುತ್ತೆ’ ಅನ್ನುವ ಭರವಸೆಯ ಮಾತು ಎತ್ತುವುದಿಲ್ಲ. ನಿಯಾಪ್ಟಾಲೆಮಸ್ ವಾಪಸ್ ನಡೆದು ಬರುವ ದೃಶ್ಯ ತೋರಿಸುತ್ತೇನೆ. ಬಿಲ್ಲು ಕೈಯಲ್ಲಿದೆ, ಹಡಗಿನ ಕಡೆ ಹೋಗಿದ್ದವನು ತಿರುಗಿ ಬರುತ್ತಿದ್ದಾನೆ. ಒಡಿಸ್ಯೂಸ್ ಹಿಂದೆ ಹಿಂದೆ ಓಡುತ್ತಾ, ಯಾಕೆ, ಎಲ್ಲಿಗೆ ಅಂತ ಕೇಳುತ್ತಿದ್ದಾನೆ. ಮಾಡಿದ ತಪ್ಪು ಸರಿಮಾಡಲು ಅಂತ ಹುಡುಗನ ಉತ್ತರ. ತಪ್ಪು ಮಾಡಿದವನಿಗೂ ತಿರುಗಿ ಬರಲು ಹೊತ್ತು ಇರುತ್ತದೆ. ಇಡೀ ನಾಟಕದಲ್ಲಿ ನನಗೆ ಕಂಡ ಭರವಸೆ ಅಷ್ಟೇ.

ದೊಡ್ಡವರಿಗೂ ಇದು ನಾಟುತ್ತದೆ. ಅಮೆರಿಕದಲ್ಲಿ ಬ್ರಯಾನ್ ಡೋರೀಸ್ ಅನ್ನುವ ನಿರ್ದೇಶಕ 2008ರಿಂದ ಇದೇ ನಾಟಕವನ್ನೂ ಸೊಫೊಕ್ಲೀಸನದೇ ‘ಏಜಾಕ್ಸ್’ ಅನ್ನೂ ಯುದ್ಧದಿಂದ ಬಂದ ಸೈನಿಕರ ಮುಂದೆ ಓದಿಸುತ್ತಿದ್ದಾರೆ. ವೇಷ ಇಲ್ಲ, ಸೆಟ್ ಇಲ್ಲ. ನಟರು ಮೇಜಿನ ಮುಂದೆ ಕೂತು ಓದುತ್ತಾರೆ, ಆಮೇಲೆ ಸಭಿಕರು ಮಾತಾಡುತ್ತಾರೆ. ಮೊದಲ ಸಲ ಮುಕ್ಕಾಲು ಗಂಟೆ ಅಂದುಕೊಂಡಿದ್ದ ಚರ್ಚೆ ಮೂರು ಗಂಟೆ ದಾಟಿತಂತೆ. ಹಾಗೆಯೇ 2013ರಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಸಿರಿಯಾದ ನಿರಾಶ್ರಿತ ಹೆಂಗಸರು ಯೂರಿಪಿಡೀಸನ ‘ಟ್ರಾಯ್ ಹೆಂಗಸರು’ ನಾಟಕ ಆಡಿದರು. ಊರು ಸುಟ್ಟುಹೋದ ರಾಣಿಯ ಮಾತಿನ ಜೊತೆ ತಮ್ಮ ಮನೆಯ ಮಾತನ್ನೂ ಸೇರಿಸಿ.

ಆ ನಾಟಕದ ಹುಟ್ಟು ಕೇಳಿ. ಕ್ರಿ.ಪೂ. 416ರಲ್ಲಿ ಅಥೆನ್ಸಿನವರು ಮೆಲಾಸ್ ದ್ವೀಪವನ್ನು ಗೆದ್ದು, ಕೈಗೆ ಸಿಕ್ಕ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು. ಮರುವರ್ಷವೇ, ಸೋತ ಊರಿನ ಹೆಂಗಸರು ಗುಲಾಮರಾಗಿ ಹಂಚಿಹೋಗುವ ಕಥೆಯನ್ನು ಯೂರಿಪಿಡೀಸ್ ಅದೇ ಅಥೆನ್ಸಿನವರ ಮುಂದೆ ಆಡಿಸಿದ. ಎರಡನೇ ಬಹುಮಾನವನ್ನೂ ಕೊಟ್ಟರು ಅನ್ನಿ.

ಶತ್ರುವಿನ ಮನೆಯ ಅಳು ಕೇಳಿಸುವ ಈ ಚಾಳಿ ಇನ್ನೂ ಹಳೆಯದು. ಪರ್ಷಿಯನ್ನರನ್ನು ಸಲಾಮಿಸ್‌ನಲ್ಲಿ ಸೋಲಿಸಿ ಎಂಟೇ ವರ್ಷಕ್ಕೆ, ಕ್ರಿ.ಪೂ. 472ರಲ್ಲಿ, ಈಸ್ಕಿಲಸ್ ಪರ್ಷಿಯದ ರಾಜಮಾತೆಯ ಸಂಕಟವನ್ನು ರಂಗದ ಮೇಲೆ ತಂದ. ಅವನೇ ಮ್ಯಾರಥಾನ್‌ನಲ್ಲಿ ಅವರ ವಿರುದ್ಧ ಕತ್ತಿ ಹಿಡಿದಿದ್ದವನು. ಆ ನಾಟಕವನ್ನೇ ನಮ್ಮ ಬಿ.ಎಂ.ಶ್ರೀ 1935ರಲ್ಲಿ ‘ಪಾರಸಿಕರು’ ಅಂತ ಕನ್ನಡಕ್ಕೆ ತಂದರು. ಅದಕ್ಕೂ ಮೊದಲು, 1929ರಲ್ಲಿ, ‘ಏಜಾಕ್ಸ್’ನ ಅಚ್ಚಿನಲ್ಲಿ ನಮ್ಮ ಅಶ್ವತ್ಥಾಮನನ್ನೇ ಕೂರಿಸಿ ‘ಅಶ್ವತ್ಥಾಮನ್’ ಬರೆದಿದ್ದರು. ಚಿರಂಜೀವಿಯನ್ನೇ ಸಾಯಿಸಲು ಎಂಥಾ ಧೈರ್ಯ ಬೇಕು ಯೋಚಿಸಿ. ಆ ಹಳೆಯ ಶೈಲಿ ಈಗಿನ ಹೈಸ್ಕೂಲ್ ಮಕ್ಕಳ ನಾಲಿಗೆಗೆ ತೊಡಕು. ಸೊಫೊಕ್ಲೀಸನ ‘ಆಂಟಿಗೊನೆ’ಯನ್ನು ಲಂಕೇಶರು ಕನ್ನಡಕ್ಕೆ ತಂದ ‘ಅಂತಿಗೊನೆ’ ಸಲೀಸು.

ಒಂದೆರಡು ಎಚ್ಚರಿಕೆ. ಮಕ್ಕಳನ್ನು ಕೊಲ್ಲುವ ‘ಮಿಡೀಯ’ ಹೈಸ್ಕೂಲಿಗೆ ಬೇಡ. ‘ಏಜಾಕ್ಸ್’ನಲ್ಲಿ ಆತ್ಮಹತ್ಯೆ ಇದೆ, ಅದೂ ಬೇಡ. ‘ನಿನಗೂ ಯಾರಾದರೂ ಹೀಗೆ ಮಾಡಿದ್ದಾರಾ?’ ಅಂತ ಎಲ್ಲರ ಮುಂದೆ ಕೇಳಬೇಡಿ. ಪಾತ್ರದ ಬಗ್ಗೆ ಮಾತಾಡುತ್ತಲೇ ಮಕ್ಕಳು ಹೇಳಬೇಕಾದ್ದು ಹೇಳುತ್ತಾರೆ. ಒಡಿಸ್ಯೂಸನ ಪಾತ್ರವನ್ನು ತರಗತಿಯ ಸಂಭಾವಿತ ಹುಡುಗನಿಗೇ ಕೊಡಿ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಕೈದಿಗಳು ‘ಆಂಟಿಗೊನೆ’ ಆಡಿದಾಗ ನೆಲ್ಸನ್ ಮಂಡೇಲಾ ಮಾಡಿದ್ದು ಹಟಮಾರಿ ರಾಜ ಕ್ರಿಯಾನನ ಪಾತ್ರ.

ಕೊನೆಯ ದೃಶ್ಯದ್ದು ಒಂದು ತಕರಾರಿದೆ. ಮಾತು ಕೊಟ್ಟಂತೆ ಊರಿಗೇ ಕರೆದುಕೊಂಡು ಹೋಗುತ್ತೇನೆ ನಡಿ ಅಂತ ಹುಡುಗ ಗೆಲುವನ್ನೇ ಬಿಟ್ಟು ಹೊರಟಾಗ, ಆ ಬಿಲ್ಲಿನ ಹಳೆಯ ಒಡೆಯ, ಈಗ ದೇವರಾಗಿರುವ ಹೆರಾಕ್ಲೀಸ್ ಮೇಲಿಂದ ಕಾಣಿಸಿಕೊಂಡು ಇಬ್ಬರನ್ನೂ ಟ್ರಾಯ್‌ಗೆ ಕಳಿಸುತ್ತಾನೆ. ಊರು ಗೆದ್ದಾಗ ದೇವರಿಗೆ ಅಪಚಾರ ಮಾಡಬೇಡಿ ಅಂತ ಎಚ್ಚರಿಸುತ್ತಾನೆ. ನೋಡುತ್ತಿದ್ದವರಿಗೆಲ್ಲ ಮುಂದಿನದು ಗೊತ್ತು: ಇದೇ ಹುಡುಗ ಟ್ರಾಯ್‌ನಲ್ಲಿ ಮುದುಕ ರಾಜ ಪ್ರಿಯಾಮನನ್ನು ದೇವರ ಪೀಠದ ಹತ್ತಿರವೇ ಕೊಲ್ಲುತ್ತಾನೆ. ಶಿಬಿರದ ಮಕ್ಕಳಿಗೆ ಅದನ್ನು ಹೇಳಿದೆ. ಹಾಗಿದ್ದರೆ ಹೆರಾಕ್ಲೀಸ್ ಬರುವುದೇ ಬೇಡ ಅಂದರು. ಇಬ್ಬರೂ ಊರಿನ ಕಡೆ ನಡೆಯಲಿ, ಅಲ್ಲಿಗೆ ಲೈಟ್ ಆರಿಸಿಬಿಡಿ ಸಾರ್ ಅಂದರು. ನಾನು ಒಪ್ಪಲಿಲ್ಲ. ಬೆಂಚಿನ ಮೇಲೆ ಒಬ್ಬನನ್ನು ನಿಲ್ಲಿಸಿ ಆ ದೃಶ್ಯ ಆಡಿಸಿದೆ. ಮೂಲೆಯಲ್ಲಿ ಕೂತಿದ್ದವಳು ಅವತ್ತು ಚಪ್ಪಾಳೆ ತಟ್ಟಲಿಲ್ಲ.